ಏಳನೇ ಮೆಷಿನ್ನಿನ ಶಿಫ್ಟು

ನನ್ನ ಟೈಪಿಂಗ್ ಮೇಷ್ಟ್ರೇ,

ನಿಮ್ಮ ಬಿ.ಎ. ಸಾಹೇಬನ ಸಲಾಮು. ನಿನ್ನೆ ರಿಸಲ್ಟ್ ಬಂತು. ಮೊದಲು ಹೇಳಬೇಕಾದ ಸುದ್ದಿ ಇದಲ್ಲ. ಅದನ್ನು ಹೇಳಲು ಧೈರ್ಯ ಸಾಲದೆ ಇದನ್ನು ಮುಂದಕ್ಕೆ ತಳ್ಳಿದ್ದೇನೆ. ಮತ್ತಿಕೆರೆಯ ನಿಮ್ಮ ಇನ್‌ಸ್ಟಿಟ್ಯೂಟಿನಲ್ಲಿ, ಕಿಟಕಿ ಪಕ್ಕದ ಏಳನೇ ಮೆಷಿನ್ನಿನ ಎದುರು, ಅದರ ಕವರ್ ಕೂಡ ತೆಗೆಯದೆ, ಪೆನ್ನು ಹಿಡಿದು ಕುಳಿತಿದ್ದೇನೆ. ಒಳಗೆ ಬೀಬಮ್ಮ ಚಹಾ ಮಾಡುತ್ತಿದ್ದಾರೆ. ನೀವು ಹೋಗಿ ನಾಲ್ಕು ತಿಂಗಳಾದರೂ ನಿಮ್ಮ ಮನೆಯಾಕೆ ಎರಡು ಲೋಟದ ಅಳತೆ ಬಿಟ್ಟಿಲ್ಲ. ಎರಡನೆಯದನ್ನು ನಾನು ಕುಡಿಯುತ್ತೇನೆ. ಕುಡಿಯುವ ಯೋಗ್ಯತೆ ನನಗಿದೆಯೇ ಎಂಬುದೇ ಈ ಕಾಗದದ ವಿಷಯ.

ನಾನು ಸೇರಿದ ಮೊದಲ ವಾರ ನೆನಪಿದೆಯೇ? ದೊಡ್ಡಕ್ಷರ ಬೇಕಾದರೆ ಕಿರುಬೆರಳಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದು, ಅಕ್ಷರ ಕಾಗದಕ್ಕೆ ಬಡಿದ ಮೇಲಷ್ಟೇ ಬಿಡಬೇಕು. ನನಗೆ ಆ ತಾಳ್ಮೆ ಎಲ್ಲಿತ್ತು? ಮೊದಲೇ ಬಿಟ್ಟುಬಿಡುತ್ತಿದ್ದೆ. ಅಕ್ಷರ ಸಾಲು ಬಿಟ್ಟು ಅರ್ಧ ಮೇಲಕ್ಕೆ ಹಾರಿ ಕೂರುತ್ತಿತ್ತು. ನೀವು ನನ್ನ ಹಾಳೆಯನ್ನು ಬೆಳಕಿಗೆ ಹಿಡಿದು ಇಡೀ ಕ್ಲಾಸಿಗೆ ಕೇಳುವಂತೆ ಹೇಳಿದಿರಿ: “ಏನ್ ಬಿ.ಎ. ಸಾಹೇಬ್ರೇ, ಸಂಕ್ರಾಂತಿ ಇನ್ನೂ ದೂರ ಇದೆ, ಆಗ್ಲೇ ಗಾಳಿಪಟ ಬಿಟ್ಟಿದೀರಲ್ಲಾ!” ಆಮೇಲೆ ಹತ್ತಿರ ಬಂದು ನನ್ನ ಕಿರುಬೆರಳಿನ ಮೇಲೆ ನಿಮ್ಮ ಬೆರಳಿಟ್ಟು ಮೆಲ್ಲಗೆ, “ನಕ್ಕೋ ಛೋಡೋ. ಬಿಡ್ಬೇಡ ಕಣಪ್ಪಾ. ಏನೇ ಆಗ್ಲಿ, ಬಿಡ್ಬೇಡ.”

ಶಿಫ್ಟ್ ಎಂಬ ಆ ಪದದ ಜೊತೆ ನಾವು ಆಡಿದ ಆಟವೋ! ಯಶವಂತಪುರದ ಕಡೆಯಿಂದ ಫ್ಯಾಕ್ಟರಿ ಸೈರನ್ ಕೂಗಿದರೆ, “ಬರ್ಕೋ, ಸೆಕೆಂಡ್ ಶಿಫ್ಟು” ಎನ್ನುತ್ತಿದ್ದಿರಿ. ಬೀದಿಯಲ್ಲಿ ಮಂಚ, ಒರಳುಕಲ್ಲು ಹೇರಿದ ಎತ್ತಿನಗಾಡಿ ಹೋದರೆ, “ಮನೆ ಶಿಫ್ಟು.” ಮಕ್ಕಳು ಏಳೂವರೆಗೆಲ್ಲ ನಿದ್ದೆಗಣ್ಣಲ್ಲಿ ಸ್ಕೂಲಿಗೆ ಹೊರಟರೆ, “ಮಾರ್ನಿಂಗ್ ಶಿಫ್ಟು.” ಬಸ್ಸಿನಲ್ಲಿ ಒಬ್ಬಾಕೆ “ಒಂಚೂರ್ ಶಿಫ್ಟ್ ಆಗಪ್ಪಾ” ಎಂದು ನಿಮ್ಮನ್ನು ಕಿಟಕಿಗೆ ಒತ್ತಿದ್ದನ್ನೂ ಪಟ್ಟಿಗೆ ಸೇರಿಸಿದಿರಿ. ನಾನು ಕಾಲೇಜು ಓದಿದ ಜಂಬದಲ್ಲಿ ನಿಘಂಟು ತಂದು, ಹಿಂದಿನ ಕಾಲದ ಇಂಗ್ಲಿಷ್ ಹೆಂಗಸರ ಒಳಂಗಿಗೂ ಇದೇ ಹೆಸರು ಎಂದಾಗ, “ತೋಬಾ ತೋಬಾ, ಹೆಣ್ಮಕ್ಕಳು ಟೈಪ್ ಮಾಡ್ತಿದಾರೆ, ಪುಸ್ತಕ ಮುಚ್ಚೋ” ಎಂದು ಕೆಂಪಾಗಿದ್ದಿರಿ. ಅದರ ಕೆಳಗೆ ಇನ್ನೊಂದು ಅರ್ಥವಿತ್ತು ಮೇಷ್ಟ್ರೇ: ನುಣುಚಿಕೊಳ್ಳಲು ಹೂಡುವ ನೆಪ. ಅದನ್ನು ಆ ದಿನ ನಾನು ಓದಿ ಹೇಳಲಿಲ್ಲ. ಅದೂ ನನಗೆ ಉಪಯೋಗಕ್ಕೆ ಬಂದೀತೆಂದು ಯಾರಿಗೆ ಗೊತ್ತಿತ್ತು?

ಟೈಪಿಂಗ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದೆ. ಎರಡು ಸಲವೂ ಹಾರಿದ ಅಕ್ಷರಗಳೇ ನನ್ನನ್ನು ಮುಳುಗಿಸಿದ್ದು. ಮೂರನೆಯ ಸಲಕ್ಕೆ ನೀವು ಏಳನೇ ಮೆಷಿನ್ನನ್ನು ಬಿಚ್ಚಿ, ನನ್ನ ಬಡಕಲು ಕಿರುಬೆರಳಿಗೆ ಒಗ್ಗುವಂತೆ ಶಿಫ್ಟಿನ ಸ್ಪ್ರಿಂಗನ್ನು ಸಡಿಲ ಮಾಡಿದಿರಿ. ನಿಮ್ಮ ಹನ್ನೆರಡು ಮೆಷಿನ್ನುಗಳಲ್ಲಿ ಅದೇ ಅತಿ ಭಾರದ್ದು. “ಇದು ಇಲ್ಲಿ ಪ್ರಾಕ್ಟೀಸಿಗೆ ಮಾತ್ರ. ಎಗ್ಸಾಮಿಗೆ ಮೂರನೇದು ತಗೊಂಡ್ಹೋಗ್ತೀವಿ, ಹಗುರ” ಎಂದಿದ್ದಿರಿ. ನಾನೂ ತಲೆಯಾಡಿಸಿದ್ದೆ.

ಪರೀಕ್ಷೆಯ ಬೆಳಿಗ್ಗೆ ನನ್ನ ತಲೆ ಕೆಟ್ಟಿತು. ಎಲ್ಲರ ಮೆಷಿನ್ನುಗಳನ್ನೂ ನಡುನಡುವೆ ಗೋಣಿಚೀಲ ತುರುಕಿ ಕಟ್ಟಿದ ತಳ್ಳುಗಾಡಿ ಆಗಲೇ ಯಶವಂತಪುರದ ಸ್ಕೂಲಿಗೆ ಹೊರಟುಹೋಗಿತ್ತು. ನಾನು ಬಾಗಿಲಲ್ಲಿ ನಿಂತು, “ಸಾರ್, ಏಳನೇದಿಲ್ದೆ ನನ್ ಕೈಲಾಗಲ್ಲ. ಈ ಸಲ ಹೋದ್ರೆ, ಪಾಸಾದ್ರೆ ಸಿಗೋ ಆ ಆಫೀಸಿನ ಕೆಲ್ಸಾನೂ ಹೋಗುತ್ತೆ ಸಾರ್” ಎಂದು ಅತ್ತೇಬಿಟ್ಟೆ. ಹಿಂದಿನ ದಿನದಿಂದ ನಿಮಗೆ ಎದೆ ಹಿಡಿದಂತಾಗಿತ್ತು. ಬೀಬಮ್ಮ ಒಳಗಿಂದ, “ಇವ್ರಿಗೆ ಹುಷಾರಿಲ್ಲ ಕಣಪ್ಪಾ, ಇವತ್ತೊಂದಿನ ಬಿಟ್ಬಿಡು” ಎಂದರು. ನೀವು ಸೈಕಲ್ ಕ್ಯಾರಿಯರಿಗೆ ಏಳನೇದನ್ನು ಹಗ್ಗದಲ್ಲಿ ಬಿಗಿದಿರಿ.

ನಿಮ್ಮಲ್ಲಿ ಒಂದು ಕಟ್ಟಳೆಯಿತ್ತಲ್ಲ, ಪರೀಕ್ಷೆಯ ದಿನ ಬರೆಯುವವನು ಏನನ್ನೂ ಎತ್ತಬಾರದು, ಕೈ ನಡುಗುತ್ತದೆ ಎಂದು? ರೈಲ್ವೆ ಗೇಟಿನ ಹತ್ತಿರ ಸೈಕಲ್ ತಳ್ಳಲು ಕೈ ಹಾಕಿದರೆ ಹೊಡೆಯುವಂತೆ ನೋಡಿದಿರಿ. “ಬೆರಳು ಜೇಬಲ್ಲಿಟ್ಕೊಂಡ್ ನಡಿ, ನವಾಬ್!” ನವಾಬ ಜೇಬಲ್ಲಿ ಕೈಯಿಟ್ಟುಕೊಂಡು ನಡೆದ, ಮೇಷ್ಟ್ರೇ. ನಿಮ್ಮ ಅಂಗಿಯ ಬೆನ್ನು ಒದ್ದೆಯಾಗಿದ್ದನ್ನು ನೋಡುತ್ತಾ ನಡೆದ. ಸ್ಕೂಲಿನ ಮೂರು ಮೆಟ್ಟಿಲು ಹತ್ತಿಸುವಾಗಲೂ ನೀವೇ ಹೊತ್ತಿರಿ. ಬಾಗಿಲ ಪಕ್ಕದ ಮೇಜಿನ ಮೇಲೆ ಅದನ್ನಿಟ್ಟು, ಶಿಫ್ಟಿಗೆ ಎರಡು ಹನಿ ಎಣ್ಣೆ ಬಿಟ್ಟು, ಯಾವತ್ತಿನಂತೆ ಎಣ್ಣೆಡಬ್ಬಿ, ಸ್ಕ್ರೂಡ್ರೈವರ್ ಹಿಡಿದು ಹೊರಗೆ ಜಗಲಿಯ ಕಂಬಕ್ಕೆ ಒರಗಿ ಕುಳಿತಿರಿ.

ಇನ್ನು ಹೇಳಲೇಬೇಕು.

ಸ್ಪೀಡ್ ಪರೀಕ್ಷೆ ಹತ್ತು ನಿಮಿಷ. ಅರ್ಧ ದಾಟಿರಬಹುದು. ಪರೀಕ್ಷೆಯ ಹಾಲ್‌ನಲ್ಲಿ ಅಷ್ಟೂ ಮೆಷಿನ್ನುಗಳ ಗಲಾಟೆ. ಆದರೂ ನಿಮ್ಮ ಎಣ್ಣೆಡಬ್ಬಿ ಕಲ್ಲಿನ ಮೇಲೆ ಬಿದ್ದು ಉರುಳಿದ್ದು ನನಗೆ ಕೇಳಿಸಿತು. ಅದೇ ಡಬ್ಬಿಯನ್ನು ಮೇಜಿಗೆ ಕುಟ್ಟಿ ಕುಟ್ಟಿ ತಾನೆ ನೀವು ನಮಗೆ ತಾಳ ಹಾಕಿಕೊಟ್ಟದ್ದು? ಅದರ ಸದ್ದು ನನಗೆ ಗೊತ್ತಾಗದೆ ಇರುತ್ತದೆಯೇ? ಅದರ ಹಿಂದೆಯೇ ಇನ್ನೊಂದು ಸದ್ದು, ಮೂಟೆ ಜಾರಿದಂತೆ. ಆ ಗಳಿಗೆಯಲ್ಲಿ ನನ್ನ ಕಿರುಬೆರಳು ಶಿಫ್ಟಿನ ಮೇಲಿತ್ತು. ಜಾರಿತು. ಒಂದು ಅಕ್ಷರ ಹಾರಿತು. ಮುಂದಿನದನ್ನು ಸರಿಯಾಗಿ ಹೊಡೆದೆ. ಅದರ ಮುಂದಿನದನ್ನೂ. ಬೆಲ್ ಆಗುವವರೆಗೂ ಹೊಡೆದೆ.

ಎದ್ದು ಬಂದಾಗ ನೀವು ಕಂಬದ ಬುಡದಲ್ಲಿ ವಾಲಿದ್ದಿರಿ. ಗೇಟಿನಲ್ಲಿದ್ದ ವಾಚ್‌ಮನ್‌ನನ್ನು ಕೂಗಿ ಕರೆದು ಆಟೋದಲ್ಲಿ ಮಲಗಿಸಿದೆವು. ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಮುಖ ನೋಡದೆ, “ಸ್ವಲ್ಪ ಮುಂಚೆ ತಂದಿದ್ರೆ...” ಎಂದು ನಿಲ್ಲಿಸಿದರು. ಆ ವಾಕ್ಯವನ್ನು ಅವರು ಮುಗಿಸಲಿಲ್ಲ. ನಾನು ದಿನಾ ಮುಗಿಸುತ್ತಿದ್ದೇನೆ. ಸಂಜೆ ನರ್ಸಮ್ಮ, “ಬೇರೆ ವಾರ್ಡಿಗೆ ಶಿಫ್ಟ್ ಮಾಡಿದೀವಿ” ಎಂದಾಗ ಆಸೆಯಾಯಿತು. ಬೆಳಿಗ್ಗೆ ಇನ್ನೊಬ್ಬ ಬಂದು, “ಬಾಡಿ ಶಿಫ್ಟ್ ಮಾಡ್ಬೇಕು, ಇಲ್ಲೊಂದ್ ಸೈನ್ ಹಾಕಿ” ಎಂದ. ಬರೆದುಕೊಳ್ಳಿ ಮೇಷ್ಟ್ರೇ, ನಮ್ಮ ಪಟ್ಟಿಯಲ್ಲಿ ಇದು ಇರಲಿಲ್ಲ.

ಆವತ್ತು ನಿಮ್ಮ ಮನೆ ತುಂಬ ಜನ. ಬೀಬಮ್ಮ ನನ್ನ ಎರಡೂ ಕೈ ಹಿಡಿದು, “ನೀನು ಅಲ್ಲೇ ಇದ್ಯಲ್ಲಪ್ಪಾ, ಬಿದ್ದಿದ್ದು ಗೊತ್ತಾಗ್ಲಿಲ್ವಾ?” ಎಂದರು. ನಾನು, “ಒಳಗೆ ಒಂದೇ ಗಲಾಟೆ ಅಮ್ಮಾ, ಕೇಳಿಸ್ಲಿಲ್ಲ” ಎಂದೆ. ಎಷ್ಟು ಸಲೀಸಾಗಿ ಬಂತು! ನಿಘಂಟಿನಲ್ಲಿ ಅಂದು ನಾನು ಓದಿ ಹೇಳದೆ ಬಿಟ್ಟ ಆ ಅರ್ಥ.

ಅಂದಿನಿಂದ ಬಂದವರಿಗೆಲ್ಲ ಅವರು ನನ್ನ ಪರ ವಕಾಲತ್ತು ಮಾಡುತ್ತಿದ್ದಾರೆ. “ಪಾಪ, ಇವನಿಗೆ ಕೇಳಿಸ್ಲಿಲ್ಲ. ಕೇಳಿಸಿದ್ರೆ ಪರೀಕ್ಷೆ ಬಿಸಾಕಿ ಓಡಿ ಬರ್ತಿದ್ದ, ಅವ್ರಿಗೆ ಮಗ ಇದ್ದಂಗೆ.” ನಾನು ತಲೆ ತಗ್ಗಿಸಿ ಚಹಾ ಕುಡಿಯುತ್ತೇನೆ. ನಿನ್ನೆ ರಿಸಲ್ಟ್ ಗೊತ್ತಾದ ತಕ್ಷಣ ಬೀದಿಗೆಲ್ಲ ಮಿಠಾಯಿ ಹಂಚಿದರು. ಇವತ್ತು ಬೆಳಿಗ್ಗೆ ಸೀಮೆಸುಣ್ಣ ಕೈಗಿಟ್ಟು, ಗೋಡೆಯ ಮೇಲಿನ ಪಾಸಾದವರ ಬೋರ್ಡ್ ತೋರಿಸಿ, “ನಿನ್ ಹೆಸ್ರು ನೀನೇ ಬರಿ. ಅವ್ರಿದ್ರೆ ಅವ್ರೇ ಬರೀತಿದ್ರು” ಎಂದರು. ನಿಮ್ಮ ಅಕ್ಷರಗಳ ಕೆಳಗೆ ಖಾಲಿ ಜಾಗವಿದೆ. ಮೂರು ಸಲ ಎದ್ದೆ, ಮೂರು ಸಲ ಕುಳಿತೆ.

ಒಂದನ್ನು ಕೇಳಲೇ? ಬಿಡ್ಬೇಡ ಎಂದು ನೀವು ಹೇಳಿಕೊಟ್ಟಿರಲ್ಲ, ಏನೇ ಆಗ್ಲಿ ಎಂದು. ಅದು ಇದಕ್ಕೂ... ಇಲ್ಲ. ನೋಡಿ, ಮತ್ತೆ ನಿಮ್ಮ ಬೆನ್ನಿಗೇ ಹೇರುತ್ತಿದ್ದೇನೆ. ನನಗೆ ಕೇಳಿಸಿತ್ತು, ಏಳಲಿಲ್ಲ. ಅಷ್ಟೇ. ಅದಕ್ಕಿರುವ ಸಾಕ್ಷಿ ಯಾವುದೋ ಆಫೀಸಿನ ಉತ್ತರಪತ್ರಿಕೆಗಳ ಕಟ್ಟಿನೊಳಗೆ ಹಾರಿ ಕೂತಿರುವ ಒಂದೇ ಒಂದು ದೊಡ್ಡಕ್ಷರ. ಅದನ್ನು ತಿದ್ದಿದವರು ಒಂದು ತಪ್ಪೆಂದು ಎಣಿಸಿ ಮುಂದೆ ಹೋಗಿರುತ್ತಾರೆ.

ಚಹಾ ಕುದಿಯುವ ಸದ್ದು ನಿಂತಿತು. ಬೀಬಮ್ಮನಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಈ ಕಾಗದವನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಓಡಿಹೋಗುವ ದಾರಿ ನನಗಿಲ್ಲ. ಎದುರು ಕೂರಿಸಿಕೊಂಡು ನಾನೇ ಓದಿ ಹೇಳಬೇಕು. ಸೀಮೆಸುಣ್ಣವನ್ನು ಮೆಷಿನ್ನಿನ ಮೇಲಿಟ್ಟಿದ್ದೇನೆ. ಆಮೇಲೂ ಅವರು ಅದನ್ನು ನನ್ನ ಕೈಗೆ ಕೊಟ್ಟರೆ ಬರೆಯುತ್ತೇನೆ, ಇಲ್ಲವಾದರೆ ಆ ಜಾಗ ಹಾಗೇ ಇರಲಿ. ಬೈಯಲಿ, ಹೊಡೆಯಲಿ, ಲೋಟ ಕಿತ್ತುಕೊಳ್ಳಲಿ. ನಿಮಗೆ ಮಾತು ಕೊಡುತ್ತೇನೆ ಮೇಷ್ಟ್ರೇ, ನಡುವೆ ಎಲ್ಲೂ ನಿಲ್ಲಿಸುವುದಿಲ್ಲ. ಆದರೆ ಅವರು ಬಿದ್ದ ಸದ್ದು ಕೇಳಿದರೆ, ಈ ಸಲ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಏಳುತ್ತೇನೆ.

ಅವರು ಎರಡು ಲೋಟ ಹಿಡಿದು ಬರುತ್ತಿದ್ದಾರೆ.