ಇಂಟರ್‌ವೆಲ್‌ವರೆಗಿನ ಕಥೆ

ಅಕ್ಕನಿಗೆ ತಮ್ಮನ ನಮಸ್ಕಾರ.

ಈ ಬೇಸಿಗೆಯಲ್ಲಿ ಬಂದ ಮೂರೂ ಸಿನಿಮಾ ನೋಡಿದೆ. ಪೊಲೀಸ್ ಕಥೆ ಬರೀ ಗದ್ದಲ; ನಾಯಕ ಕಪ್ಪು ಕನ್ನಡಕ ತೆಗೆಯುವುದಕ್ಕೇ ಕಾಲು ಗಂಟೆ ಬೇಕು. ದೆವ್ವದ ಸಿನಿಮಾದಲ್ಲಿ ದೆವ್ವಕ್ಕಿಂತ ನಾಯಕಿಯ ಮೇಕಪ್ಪಿಗೇ ಹೆದರಿದೆ. ಮೂರನೆಯದು ಅಕ್ಕತಮ್ಮನ ಕಥೆ, ಚೆನ್ನಾಗಿತ್ತು. ಮೂರರ ಕೊನೆಯೂ ನನಗೆ ಗೊತ್ತಿಲ್ಲ. ಇಂಟರ್‌ವೆಲ್ ಬೆಲ್ ಹೊಡೆದರೆ ಕಾಲು ತಾನಾಗಿಯೇ ಮನೆಯ ಕಡೆ ಹೊರಡುತ್ತದೆ. "ಇನ್ನು ಯಾರಿಗೋಸ್ಕರ ಓಡ್ತೀರಿ? ಕೂತ್ಕೊಂಡು ಪೂರ್ತಿ ನೋಡಿ," ಅಂದ ಮೊನ್ನೆ ಗೇಟಿನವನು.

ಅಮ್ಮ ಹಾಸಿಗೆ ಹಿಡಿದ ಆರು ವರ್ಷವೂ ನಾವು ಒಂದೇ ಟಿಕೆಟ್ಟಿನಲ್ಲಿ ಸಿನಿಮಾ ನೋಡಿದೆವು. ಮೊದಲರ್ಧ ನನಗೆ, ಉಳಿದದ್ದು ನಿನಗೆ. ಇಂಟರ್‌ವೆಲ್ ಹೊತ್ತಿಗೆ ನೀನು ಬಾಗಿಲೆಳೆದುಕೊಂಡು ಹೊರಡುತ್ತಿದ್ದೆ. ರಸ್ತೆಯ ತಿರುವಿನಲ್ಲಿ ಟಿಕೆಟ್ ಕೈ ಬದಲಾಗುತ್ತಿತ್ತು. ಅಮ್ಮ ಒಬ್ಬಳೇ ಇರುತ್ತಿದ್ದುದು ಐದು ನಿಮಿಷ. ಕೊನೆಗೆ ಏನಾಯಿತೆಂದು ಊಟದ ಹೊತ್ತಿಗೆ ನೀನು ಹೇಳುತ್ತಿದ್ದೆ.

ಅಮ್ಮ ಮಂಚದಿಂದ ಬಿದ್ದು ತೀರಿಕೊಂಡ ದಿನ, ಇಂಟರ್‌ವೆಲ್ ತಡವಾಯಿತು ಎಂದು ನಾನು ನಿನಗೆ ಹೇಳಿದ್ದೆ. ಅದು ಸುಳ್ಳು. ಮುಂದೇನಾಗುತ್ತದೋ ನೋಡೋಣವೆಂದು ಇಂಟರ್‌ವೆಲ್ ಆದಮೇಲೂ ನಾನೇ ಇಪ್ಪತ್ತು ನಿಮಿಷ ಕೂತೆ. ನೀನು ತಿರುವಿನಲ್ಲಿ ನಿಂತು ಕಾದೆ. "ಹೆತ್ತ ತಾಯೀನ ಬಿಟ್ಟು ಸಿನಿಮಾಕ್ಕೆ ಹೋದೋಳು," ಎಂದು ದೊಡ್ಡಪ್ಪ ಎಲ್ಲರೆದುರು ನಿನ್ನನ್ನು ಅಂದಾಗ, ನಾನು ಬಚ್ಚಲಲ್ಲಿ ತೊಳೆದ ಲೋಟವನ್ನೇ ತೊಳೆಯುತ್ತಿದ್ದೆ. ಮರುವಾರ ನೀನು ಊರು ಬಿಟ್ಟೆ.

ದೊಡ್ಡಪ್ಪನಿಗೂ ಇದನ್ನೇ ಬರೆದು ಈಗಷ್ಟೇ ಅಂಚೆ ಡಬ್ಬಿಗೆ ಹಾಕಿ ಬಂದೆ.

ಮೂರನೆಯ ಸಿನಿಮಾ ನಿನ್ನ ಕಡೆಗೂ ಬಂದಿರಬಹುದು. ಮನಸ್ಸಾದರೆ ನೋಡಿ, ಕೊನೆಗೆ ಅಕ್ಕ ಏನು ಮಾಡಿದಳೆಂದು ಒಂದು ಸಾಲು ಬರೆ.

ನಿನ್ನ ತಮ್ಮ