ಕಟ್ಟೆಯ ಕೆಳಗಿನ ಕೈಗಳು

ಮಾಯಪ್ಪಾ,

ನೀನು ತೀರಿಕೊಂಡು ವರ್ಷವಾಯಿತು. ಬದುಕಿದ್ದರೆ ಇದನ್ನು ಬರೆಯುವ ಧೈರ್ಯ ನನಗಿರುತ್ತಿರಲಿಲ್ಲ.

ಹೊಸ ಬಾವಿ ಎಲ್ಲಿ ತೋಡಬೇಕೆಂದು ಇವತ್ತು ಪಂಚಾಯಿತಿ ಸಭೆ ಇತ್ತು. ಈಗ ನಾನು ಚೇರಮನ್. ಗೋಕಾಕದ ಸಾಲಿಯಲ್ಲಿ ಓದುವಾಗ ಇಬ್ಬರೂ ಪ್ರಾಸ ಕಟ್ಟುತ್ತಿದ್ದೆವಲ್ಲ, ಅದೇ ಚಟದಲ್ಲಿ ಡಂಗುರವನ್ನೂ ನಾನೇ ಬರೆದುಕೊಟ್ಟೆ: "ಎಲ್ಲಾರೂ ಬರ್ರಿ, ಮಾತಾಡ್ರಿ, ಬಾವಿಗೆ ಜಾಗಾ ನೀವ ನೋಡ್ರಿ!" ಪ್ರಾಸ ಚೆನ್ನಾಗಿತ್ತು. ನಿಮ್ಮ ಕೇರಿಯವರು ನಂಬಿ ಬಂದರು.

ಸಭೆ ಕರೆದದ್ದು ಗುಡಿಯ ಕಟ್ಟೆಯ ಮೇಲೆ. ಅವರು ಕೆಳಗೇ ನಿಂತರು. ಬೇರೆ ಜಾಗ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಬಾವಿ ಗುಡಿಯ ಹತ್ತಿರ ಬೇಕೆಂದು ಮೇಲೆ ಹನ್ನೆರಡು ಕೈ ಎದ್ದವು. ಅಲ್ಲಿ ನಿಮ್ಮವರ ಕೊಡ ಇಳಿಯಗೊಡುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಕೇರಿಯ ಹತ್ತಿರ ಬೇಕೆಂದು ಕೆಳಗೆ ಮೂವತ್ತು ಕೈ ಎದ್ದವು.

"ಕಟ್ಟಿ ಮ್ಯಾಲಿನವು ಅಷ್ಟ ಎಣಸ್ರಿ," ಎಂದರು ಗೌಡರು.

ಅಷ್ಟೇ ಎಣಿಸಿ, 'ಸರ್ವಾನುಮತ' ಎಂದು ಬರೆದೆ.

ನಿನ್ನ ಹೆಂಡತಿ ಇಂದ್ರವ್ವ ಮಾತ್ರ ಎತ್ತಿದ ಕೈ ಇಳಿಸಲಿಲ್ಲ.

"ಸಾಹೇಬರ, ನನ್ನ ಕೈ ಎಣಸಿಲ್ರಿ," ಎಂದಳು.

ನಾನು ಪುಸ್ತಕ ಮುಚ್ಚಿದೆ. ನೀನಿದ್ದಾಗ ಅವಳು ನನ್ನನ್ನು ಅಣ್ಣಾ ಎನ್ನುತ್ತಿದ್ದಳು.