ಭಾವನ ತಮಾಷೆ

ಮಾರ್ಚ್ ೧೨, ಗುರುವಾರ

ಬಲಗೈಯ ಎರಡು ಬೆರಳು ಇನ್ನೂ ಜೋಮು ಹಿಡಿದಿವೆ. ಅಕ್ಷರ ಸೊಟ್ಟಗಾಗುತ್ತಿದೆ. ಆಗಲಿ, ಓದುವವರು ಯಾರು?

ಅಕ್ಕನ ಮನೆಯ ಸೆಪ್ಟಿಕ್ ಟ್ಯಾಂಕಿಗೆ ಹೊಸ ಪಂಪು ಇಳಿಸಿದ್ದಾರೆ. ವೈರಿಂಗ್ ಕೆಲಸ ನನ್ನದು. ಹಿತ್ತಲ ಬಾಗಿಲ ಬಳಿಯ ಮೇನ್ ಸ್ವಿಚ್ ಆಫ್ ಮಾಡಿ, ಯಾರೂ ಮುಟ್ಟಬೇಡಿ ಎಂದು ಭಾವನಿಗೆ ಹೇಳಿಯೇ ಹೋಗಿದ್ದೆ. ಒದ್ದೆ ನೆಲದಲ್ಲಿ ಮಂಡಿಯೂರಿ ವೈರಿನ ತುದಿ ಹಿಡಿದಿದ್ದೆ, ಎದೆಗೆ ಒದ್ದಂತಾಯಿತು. ಕಣ್ಣು ಬಿಟ್ಟಾಗ ಅಂಗಾತ ಬಿದ್ದಿದ್ದೆ. ಟ್ಯಾಂಕಿನ ತೆರೆದ ಬಾಯಿ ತಲೆಯಿಂದ ಗೇಣು ದೂರದಲ್ಲಿತ್ತು.

ಭಾವ ಸ್ವಿಚ್ಚಿನ ಪಕ್ಕ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಕರೆಂಟಿನವನಿಗೂ ಕರೆಂಟ್ ಹೊಡೆಯುತ್ತಾ ಅಂತ ನೋಡಿದೆ ಕಣೋ!”

ಪಕ್ಕದಲ್ಲಿ ಅಕ್ಕನೂ ನಗುತ್ತಿದ್ದಳು. ನನ್ನನ್ನು ಎತ್ತಿ ಆಡಿಸಿದವಳು, ಅವನ ಮುಖ ನೋಡಿಕೊಂಡು ಜೋರಾಗಿ ನಗುತ್ತಿದ್ದಳು. ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಕೈಯೇ ಏಳಲಿಲ್ಲ.

ಅವನು ಒಳಗೆ ಹೋದ ಮೇಲೆ ಅಕ್ಕ ನೀರು ತಂದಳು. ಎಡಗೈಯಲ್ಲಿ ಲೋಟ ತೆಗೆದುಕೊಂಡು ಕೇಳಿದೆ.

“ನಿಂಗೂ ನಗು ಬಂತಾ ಅಕ್ಕಾ?”

“ನಾನು ಅತ್ತಿದ್ರೆ ಇನ್ನೊಂದ್ಸಲ ಸ್ವಿಚ್ ಹಾಕ್ತಿದ್ರು ಕಣೋ. ಜೊತೇಲಿ ನಕ್ಕುಬಿಟ್ರೆ ಅವರಿಗೆ ಬೇಗ ಬೇಜಾರಾಗುತ್ತೆ.”

ಎಷ್ಟು ಸಲೀಸಾಗಿ ಹೇಳಿದಳು! ಈಗಲೇ ನನ್ನ ಜೊತೆ ಹೊರಡು ಎಂದೆ. ಅಷ್ಟರಲ್ಲಿ ಒಳಗಿನಿಂದ ಅವನು ಕೂಗಿದ. ಅಂಗೈಯಿಂದ ಮುಖ ಒರೆಸಿಕೊಂಡು, ಆ ನಗುವನ್ನು ಮತ್ತೆ ತಂದುಕೊಂಡು ಹೋದಳು.

ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಉಳಿದ ಕೆಲಸ ಮುಗಿಸಿದೆ. ಕೊನೆಗೆ ಫ್ಯೂಸ್ ಮತ್ತೆ ಹಾಕಿ ನೋಡಿದೆ, ಪಂಪು ಚೆನ್ನಾಗಿ ಓಡುತ್ತಿದೆ.

ಮನೆಗೆ ಬಂದಾಗ ಅಮ್ಮ ಕೇಳಿದಳು, “ಹೇಗಿದ್ದಾಳೋ ಅವಳು?”

“ನಗ್ತಾ ನಗ್ತಾ ಇದ್ದಾಳಮ್ಮ” ಅಂದೆ.

ಅಮ್ಮ ನೆಮ್ಮದಿಯಾಗಿ ಮಲಗಿದಳು.